ಎರಡು ಸಲ ತಿದ್ದಿದ ಸ್ಪೀಕರು

ಹೊಂದಿಕೊಂಡು ಹೋಗುವುದು ಒಳ್ಳೆಯ ಗುಣ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಹೊಂದಿಕೊಂಡರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಅದನ್ನು ಒಮ್ಮೆ ಲೋಕಲ್ ಗಾಡಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಮೂವರ ಸೀಟಿನಲ್ಲಿ ನಾಲ್ವರು ಕೂರುವುದು ಮುಂಬಯಿಯಲ್ಲಿ ಬರೆಯದೆ ಇರುವ ಕಾನೂನು. ನಾಲ್ಕನೆಯವನಿಗೆ ಸಿಗುವುದು ಅರ್ಧ ತೊಡೆಯಷ್ಟು ಜಾಗ. ಉಳಿದ ಅರ್ಧವನ್ನು ಅವನು ಗಾಳಿಯಲ್ಲಿ ಇಟ್ಟುಕೊಳ್ಳಬೇಕು. ಅವತ್ತು ಆ ನಾಲ್ಕನೆಯವನು ನಾನು. ದಾದರಿನಲ್ಲಿ ಕೋಲು ಹಿಡಿದ ಮುದುಕರೊಬ್ಬರು ಹತ್ತಿದರು. ಅವರನ್ನು ನೋಡಿದ್ದೇ ನಾವು ನಾಲ್ವರೂ "ಬೈಠಿಯೇ ಅಂಕಲ್" ಎನ್ನುತ್ತ ಒಟ್ಟಿಗೆ ಎದ್ದುಬಿಟ್ಟೆವು. ಇಷ್ಟೊಂದು ಔದಾರ್ಯದಲ್ಲಿ ಯಾವುದನ್ನು ಆರಿಸಬೇಕೆಂದು ಮುದುಕರು ಯೋಚಿಸುವಷ್ಟರಲ್ಲಿ ಹಿಂದೆ ನಿಂತಿದ್ದ ಬೇರೆ ನಾಲ್ವರು ಬಂದು ಕೂತರು. ಘಾಟ್ಕೋಪರ್ ಬರುವವರೆಗೂ ನಾವೂ ನಿಂತೆವು, ಮುದುಕರೂ ನಿಂತರು. ಯಾರ ತಪ್ಪೂ ಇರಲಿಲ್ಲ. ಒಬ್ಬರ ಮೇಲೊಬ್ಬರಿಗೆ ಬಹಳ ಗೌರವ ಇತ್ತು.

ಇದನ್ನು ಈಗ ಹೇಳಲು ಕಾರಣ, ನಾನೂ ಅಕ್ಷತಾಳೂ ಸೇರಿ ಕಟ್ಟಿದ ಒಂದು ಜೋಡಿ ಸ್ಪೀಕರು ಮತ್ತು ನಮ್ಮಿಬ್ಬರಿಗೆ ಗೊತ್ತಾಗಿದ್ದ ಮದುವೆ. ಎರಡೂ ಒಂದೇ ಬಗೆಯ ಕಾಯಿಲೆಯಿಂದ ಕೆಟ್ಟವು. ಎರಡರಲ್ಲಿ ಒಂದು ರಿಪೇರಿಯಾಯಿತು.

ಅಕ್ಷತಾ ಮತ್ತು ನಾನು ಪವಾಯಿಯ ಒಂದು ಕಂಪನಿಯಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದೆವು. ನಿಲ್ದಾಣಗಳಲ್ಲಿ, ಮಾಲ್‌ಗಳಲ್ಲಿ ಪ್ರಕಟಣೆ ಹೇಳುವ ಸ್ಪೀಕರುಗಳನ್ನು ಪರೀಕ್ಷೆ ಮಾಡುವುದು ನಮ್ಮ ಕೆಲಸ. "ಗಾಡಿ ತಡವಾಗಿ ಬರುತ್ತಿದೆ" ಎಂಬ ವಾಕ್ಯವನ್ನು ದಿನಕ್ಕೆ ನೂರಾರು ಸಲ ಕೇಳುತ್ತ ಕೇಳುತ್ತ ನಮಗೆ ಪರಸ್ಪರ ಒಲವು ಹುಟ್ಟಿತು ಎಂದರೆ ನಂಬುವುದು ಕಷ್ಟ, ಆದರೆ ನಡೆದದ್ದು ಹಾಗೆಯೇ. ಅವಳು ಉಡುಪಿಯ ಕಡೆಯವಳು. ಅವಳ ಅಪ್ಪ ವಿಲೆ ಪಾರ್ಲೆಯಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಾರೆ. ನಾವು ಧಾರವಾಡದ ಕಡೆಯವರು. ಅಪ್ಪ ತೀರಿಕೊಂಡ ಮೇಲೆ ಘಾಟ್ಕೋಪರಿನ ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಎರಡೂ ಮನೆಯವರು ಮುಂಬಯಿಯಲ್ಲೇ ಇದ್ದು ಕನ್ನಡವನ್ನೇ ಆಡುವವರು. ಆದರೂ ಮೊದಲ ಸಲ ಕೂತು ಮಾತಾಡಿದಾಗ ನಡುವೆ ದುಭಾಷಿ ಒಬ್ಬರಿದ್ದರೆ ಚೆನ್ನಾಗಿತ್ತು ಎನ್ನಿಸಿತ್ತು.

"ಹೊಂದಾಣಿಕೆ ಇದ್ದರ ಎಲ್ಲಾ ಆಗತೈತಿ" ಅಂದಳು ಅವ್ವ. "ಹೊಂದಾಣಿಕೆ ಒಂದು ಉಂಟಲ್ಲ, ಮತ್ತೆಂಥ ಬೇಕು" ಅಂದರು ಅವಳ ಅಪ್ಪ. ನಮ್ಮ ಕಂಪನಿಯಲ್ಲೂ ಈ ಮಾತು ದಿನವೂ ಕಿವಿಗೆ ಬೀಳುತ್ತದೆ. ಆಂಪ್ಲಿಫೈಯರಿಗೂ ಸ್ಪೀಕರಿಗೂ ಹೊಂದಾಣಿಕೆ ಇರಬೇಕು, ಇಲ್ಲದಿದ್ದರೆ ಒಂದು ಸುಡುತ್ತದೆ. ಹಾಗಾಗಿ ನಾನೂ ಅಕ್ಷತಾಳೂ ಆ ಮಾತನ್ನು ಉಳಿದ ಜೋಡಿಗಳಿಗಿಂತ ಸ್ವಲ್ಪ ಹೆಚ್ಚೇ ಗಂಭೀರವಾಗಿ ತೆಗೆದುಕೊಂಡೆವು.

ಹೇಗೆಂದರೆ, ನಾನು ಅವರ ಮನೆಗೆ ಹೋದಾಗ ಕುಸುಬಲಕ್ಕಿ ಅನ್ನವನ್ನು ಬಡಿಸಿದಷ್ಟೂ ಉಂಡೆ. ಒಂದೊಂದು ಅಗುಳೂ ಪ್ರತ್ಯೇಕವಾಗಿ ನನ್ನ ವಿಚಾರಣೆ ಮಾಡುವಂತಿದ್ದ ಅನ್ನ ಅದು. ಬೆಲ್ಲ ಹಾಕಿದ ಸಾಂಬಾರನ್ನು "ಭಾರಿ ಲಾಯ್ಕುಂಟು ಮಾಮ" ಎಂದು ಹೊಗಳಿದೆ. ಅವಳ ಅಪ್ಪ ನನ್ನನ್ನು ಅನುಮಾನದಿಂದ ನೋಡಿ, "ನೀವು ಎಲ್ಲಿಯವರು ಅಂತ ಹೇಳಿದ್ದು ಮೊನ್ನೆ?" ಅಂದರು. ಅತ್ತ ಅಕ್ಷತಾ ನಮ್ಮ ಮನೆಗೆ ಬಂದರೆ ಅವ್ವನ ಮುಂದೆ ಸೆರಗು ಸರಿಮಾಡಿಕೊಳ್ಳುವ ಹಾಗೆ ನಾಲಗೆ ಸರಿಮಾಡಿಕೊಂಡು, "ಅತ್ತೀ, ಚಾ ಮಾಡ್ಲೇನ್ರಿ?" ಎನ್ನುತ್ತಿದ್ದಳು. ಕೆಂಪು ಖಾರದ ಚಟ್ನಿಯನ್ನು ತಿಂದು ಕಣ್ಣಲ್ಲಿ ನೀರು ಬಂದರೆ "ಫ್ಯಾನ್ ಗಾಳಿ" ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಫ್ಯಾನು ನಿಂತಿರುತ್ತಿತ್ತು. ಅವಳು ಹೋದ ಮೇಲೆ ಅವ್ವ, "ಹುಡುಗಿ ಚಲೋ ಐತಿ, ಆದರ ಆಕಿ ಮಾತು ಯಾಕೋ ಟೀವ್ಯಾಗ ಬಂದಂಗ ಕೇಳಸ್ತೈತಿ" ಎನ್ನುತ್ತಿದ್ದಳು. ಒಂದು ಭಾನುವಾರ ನಾವಿಬ್ಬರೇ ಇದ್ದಾಗ ನಾನು "ಎಂಥ ಮಾರಾಯ್ತಿ" ಅಂದೆ, ಅದೇ ಗಳಿಗೆಯಲ್ಲಿ ಅವಳು "ಏನಪಾ" ಅಂದಳು. ನಾನು ಅವಳ ಕಡೆಗೆ, ಅವಳು ನನ್ನ ಕಡೆಗೆ ದಾಟಿಯಾಗಿತ್ತು. ನಡುವೆ ಎಲ್ಲಿಯೂ ಸಿಗಲಿಲ್ಲ. ಅವತ್ತು ನಮಗೆ ಅದು ತಮಾಷೆಯಾಗಿ ಕಂಡಿತು.

ಬಾಡಿಗೆ ಮನೆ ನೋಡಿದ್ದೂ ಹೀಗೆಯೇ. ಅವಳಿಗೆ ಅಪ್ಪನ ಹತ್ತಿರ ಇರಬೇಕು ಎಂದಿರಬಹುದೆಂದು ನಾನು ಘಾಟ್ಕೋಪರ್ ಬೇಡ ಅಂದೆ. ನನಗೆ ಅವ್ವನ ಹತ್ತಿರ ಇರಬೇಕು ಎಂದಿರಬಹುದೆಂದು ಅವಳು ಪಾರ್ಲೆ ಬೇಡ ಅಂದಳು. ಕೊನೆಗೆ ಪವಾಯಿಯಲ್ಲಿ ಕೆರೆಯ ಹಿಂದಿನ ಒಂದು ಬಿಲ್ಡಿಂಗು ಗೊತ್ತುಮಾಡಿದೆವು. ಅಲ್ಲಿಗೆ ಘಾಟ್ಕೋಪರಿನ ಸೆಂಟ್ರಲ್ ಲೈನೂ ಬರುವುದಿಲ್ಲ, ಪಾರ್ಲೆಯ ವೆಸ್ಟರ್ನ್ ಲೈನೂ ಬರುವುದಿಲ್ಲ. ಆಫೀಸಿನಿಂದ ಹೊರಬಿದ್ದ ಮೇಲಾದರೂ ಪವಾಯಿ ಕಾಣಿಸದಿರಲಿ ಎಂದು ಇಬ್ಬರೂ ಬೇರೆ ಬೇರೆಯಾಗಿ ಬಯಸಿದವರೇ. ಮನೆ ನೋಡಿ ಬಂದ ಮೇಲೆ ಇಬ್ಬರೂ "ಚೆನ್ನಾಗಿದೆ" ಅಂದೆವು.

ನಾನು ದಿನಚರಿ ಬರೆಯುವವನು. ಮಳೆ ಬಂದದ್ದು, ತಪ್ಪಿದ ಗಾಡಿ, ಅವ್ವನ ಬಿ.ಪಿ. ಹೀಗೆ ಕಾಲಂ ಹಾಕಿಕೊಂಡು ಗುರುತು ಮಾಡದಿದ್ದರೆ ನನಗೆ ಆ ದಿನ ಮುಗಿಯುವುದೇ ಇಲ್ಲ. ಮದುವೆ ಗೊತ್ತಾದ ಜನವರಿಯಿಂದ "ಜಗಳ" ಎಂಬ ಒಂದು ಕಾಲಮ್ಮನ್ನೂ ಸೇರಿಸಿದ್ದೆ. ಜೂನಿನವರೆಗೆ ಅದರಲ್ಲಿ ಬರೀ ಸೊನ್ನೆ. ತಿಂಗಳ ಕೊನೆಗೆ ಆ ಸೊನ್ನೆಗಳನ್ನು ಮೇಲಿಂದ ಕೆಳಗೆ ಕೂಡಿಸಿ, ಎರಡು ಗೆರೆ ಎಳೆದು, ಮೊತ್ತ ಸೊನ್ನೆ ಎಂದು ಬರೆದು ಸಂತೋಷಪಡುತ್ತಿದ್ದೆ. ಅಕ್ಷತಾಳಿಗೂ ಹೆಮ್ಮೆಯಿಂದ ಹೇಳಿದ್ದೆ. ಅವಳು ನಕ್ಕಳು. ಆ ನಗು ಸ್ವಲ್ಪ ತಡವಾಗಿ ಬಂದಿತ್ತು ಎಂಬುದನ್ನು ಬರೆಯಲು ನನ್ನಲ್ಲಿ ಕಾಲಂ ಇರಲಿಲ್ಲ.

ಈಗ ಸ್ಪೀಕರಿನ ವಿಷಯ. ಹೊಸ ಮನೆಗೆ ನಾವೇ ಕಟ್ಟಿದ ಸ್ಪೀಕರ್ ಜೋಡಿ ಇರಬೇಕೆಂದು ಇಬ್ಬರಿಗೂ ಆಸೆ. ಇದೊಂದು ಆಸೆಯಲ್ಲಿ ಮಾತ್ರ ಯಾರೂ ಯಾರಿಗಾಗಿಯೂ ಹೊಂದಿಕೊಂಡಿರಲಿಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ಒಂದು ಪೆಟ್ಟಿಗೆಯಲ್ಲಿ ಎರಡು ಬಾಯಿ ಇರುತ್ತವೆ. ದೊಡ್ಡದು ದಪ್ಪ ದನಿಗೆ, ಸಣ್ಣದು ಕೀಚಲು ದನಿಗೆ. ಯಾವ ದನಿ ಯಾವ ಬಾಯಿಗೆ ಹೋಗಬೇಕೆಂದು ಬೇರ್ಪಡಿಸುವ ಹಲಗೆಯೇ ಕ್ರಾಸ್‌ಓವರ್. ದಾದರಿನ ಸೇತುವೆಯ ಮೇಲೆ ನಿಂತು ಸೆಂಟ್ರಲ್‌ನವರನ್ನು ಆಚೆಗೆ, ವೆಸ್ಟರ್ನ್‌ನವರನ್ನು ಈಚೆಗೆ ಕಳಿಸುವ ಪೊಲೀಸನಂತೆ ಅದು. ತಂತಿ ಸುತ್ತಿದ ಕಾಯಿಲು, ಒಂದಿಷ್ಟು ಕೆಪಾಸಿಟರು, ಅಷ್ಟೇ. ತೊಂದರೆ ಇರುವುದು ದೊಡ್ಡ ಬಾಯಿಯ ಸ್ವಭಾವದಲ್ಲಿ. ಅದರ ಬೆನ್ನ ಮೇಲೆ "ಎಂಟು ಓಮ್" ಎಂದು ಅಚ್ಚು ಹಾಕಿರುತ್ತಾರೆ. ಅಂದರೆ, ಕರೆಂಟಿಗೆ ನಾನು ಒಡ್ಡುವ ತಡೆ ಇಷ್ಟೇ ಎಂಬ ಭರವಸೆ. ಆ ಭರವಸೆ ದಪ್ಪ ದನಿಗೆ ಮಾತ್ರ. ದನಿ ಕೀಚಲಿನ ಕಡೆಗೆ ಏರಿದಂತೆ ತಡೆಯೂ ಏರುತ್ತ ಹೋಗುತ್ತದೆ. ಎಂಟನ್ನು ನಂಬಿ ಲೆಕ್ಕ ಹಾಕಿದ ಕ್ರಾಸ್‌ಓವರಿನ ಮಾತನ್ನು ಅದು ಕೇಳುವುದಿಲ್ಲ. ನಿಲ್ಲು ಎಂದಲ್ಲಿ ನಿಲ್ಲದೆ ಮೇಲಿನ ದನಿಯನ್ನೂ ತಾನೇ ಅರಚುತ್ತದೆ.

ಇದಕ್ಕೆ ಮದ್ದು ಎರಡು ಬಗೆ. ಒಂದು, ದೊಡ್ಡ ಬಾಯಿಯ ಪಕ್ಕಕ್ಕೆ ಒಂದು ರೆಸಿಸ್ಟರು, ಒಂದು ಕೆಪಾಸಿಟರು ಜೋಡಿಸಿ ಕಟ್ಟುವುದು. ಅತ್ತ ತಡೆ ಏರಿದಂತೆ ಈ ಜೋಡಿ ಇತ್ತ ದಾರಿ ಬಿಡುತ್ತದೆ. ಕ್ರಾಸ್‌ಓವರಿಗೆ ಯಾವಾಗಲೂ ಎಂಟೇ ಕಾಣುತ್ತದೆ. ಮದುವೆಮನೆಯಲ್ಲಿ ಸಿಟ್ಟಾದ ಮಾವನ ಪಕ್ಕದಲ್ಲೇ ನಿಂತು, "ಅವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಕಾಫಿ ತಗೊಳ್ಳಿ" ಎನ್ನುವ ಅತ್ತೆಯಂತೆ. ಇನ್ನೊಂದು, ಅತ್ತೆಯ ಗೊಡವೆಯೇ ಬೇಡ ಎಂದು ಮಾವನ ಸಿಟ್ಟನ್ನು ಮೊದಲೇ ಅಳೆದು, ಆ ಏರುವ ತಡೆಗೆ ತಕ್ಕಂತೆ ಕಾಯಿಲನ್ನೇ ದೊಡ್ಡದು ಮಾಡುವುದು. ಆಗ ತಿದ್ದುಪಡಿ ಕ್ರಾಸ್‌ಓವರಿನ ಒಳಗೇ ಸೇರಿಬಿಡುತ್ತದೆ, ಬೇರೆ ಭಾಗ ಕಾಣುವುದಿಲ್ಲ. ಎರಡೂ ಸರಿಯೇ. ಎರಡನ್ನೂ ಒಟ್ಟಿಗೆ ಮಾಡಬಾರದು, ಅಷ್ಟೇ. ಮಾಡಿದರೆ ದೊಡ್ಡ ಬಾಯಿ ತನ್ನ ಸರದಿ ಮುಗಿಯುವ ಮೊದಲೇ ಸುಮ್ಮನಾಗುತ್ತದೆ, ಸಣ್ಣ ಬಾಯಿ ಇನ್ನೂ ಶುರುವಾಗಿರುವುದಿಲ್ಲ. ನಡುವೆ ಒಂದು ಗುಂಡಿ ಬೀಳುತ್ತದೆ. ಮನುಷ್ಯನ ಮಾತಿಗೆ ಸ್ಪಷ್ಟತೆ ಬರುವುದು ಸರಿಯಾಗಿ ಆ ಜಾಗದಲ್ಲಿ.

ದೊಡ್ಡ ಬಾಯಿಗಳನ್ನು ಲ್ಯಾಮಿಂಗ್ಟನ್ ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ ತಂದವನು ನಾನು. "ಎಂಟು ಅಂದರೆ ಎಂಟೇ, ಬೇಕಾದರೆ ಅಳೆದು ನೋಡು" ಎಂದು ಅಕ್ಷತಾಳ ಮುಂದೆ ಜಂಬ ಕೊಚ್ಚಿದ್ದೆ. ಪೆಟ್ಟಿಗೆ ಮತ್ತು ವೈರಿಂಗು ನನ್ನ ಪಾಲು, ಕ್ರಾಸ್‌ಓವರ್ ಹಲಗೆ ಅವಳ ಪಾಲು. ಅವಳು ಹಲಗೆ ತಂದುಕೊಟ್ಟಾಗ ನೋಡಿದೆ. ತಿದ್ದುಪಡಿಯ ಜೋಡಿ ಅದರಲ್ಲಿ ಇರಲಿಲ್ಲ. ಮರೆತಿದ್ದಾಳೆ ಅಂದುಕೊಂಡೆ. ಹೇಳಿದರೆ ನೊಂದುಕೊಳ್ಳುತ್ತಾಳೆ. ಆದ್ದರಿಂದ ನಾನೇ ಎರಡೂ ಪೆಟ್ಟಿಗೆಗಳ ಒಳಗೆ, ದನಿ ಮೊಳಗದಂತೆ ತುಂಬಿದ್ದ ಹತ್ತಿಯ ಹಿಂದೆ, ಆ ಜೋಡಿಯನ್ನು ಬೆಸೆದು ಮುಚ್ಚಿಬಿಟ್ಟೆ.

ಮೊದಲ ಸಲ ಹಾಡು ಹಾಕಿದ ದಿನ ಇಬ್ಬರೂ ಕೈಕಟ್ಟಿ ಕೂತು ಕೇಳಿದೆವು. ಏನೋ ಸರಿಯಿಲ್ಲ ಎಂದು ನನಗೆ ಗೊತ್ತಾಯಿತು. ಅವಳ ಹುಬ್ಬು ನೋಡಿದರೆ ಅವಳಿಗೂ ಗೊತ್ತಾಗಿತ್ತು. "ಚೆನ್ನಾಗಿದೆ" ಅಂದಳು. "ನಿಜವಾಗಿಯೂ ಚೆನ್ನಾಗಿದೆ" ಅಂದೆ. ಅವಳು ಹೋದ ಮೇಲೆ ನಾನು ಪೆಟ್ಟಿಗೆಗಳನ್ನು ಗೋಡೆಯ ಹತ್ತಿರ ಸರಿಸಿದೆ. ಮುಂದಿನ ಭಾನುವಾರ ಅವಳು ಕಸ ಗುಡಿಸುವ ನೆಪದಲ್ಲಿ ಅವನ್ನು ಮುಂದಕ್ಕೆ ತಂದಳು. ಹೀಗೆ ಆ ಪೆಟ್ಟಿಗೆಗಳು ಮೇ ತಿಂಗಳೆಲ್ಲ ನಮ್ಮ ಮನೆಯಲ್ಲಿ ಹಿಂದೆ ಮುಂದೆ ಓಡಾಡಿಕೊಂಡಿದ್ದವು.

ಜೂನಿನ ಒಂದು ಭಾನುವಾರ ಬೆಳಿಗ್ಗೆ ಲಗ್ನಪತ್ರಿಕೆಯ ಒಕ್ಕಣೆ ನೋಡಲು ಅಕ್ಷತಾ ಅಪ್ಪನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಚಹಾ ಆದ ಮೇಲೆ, ಮಕ್ಕಳು ಕಟ್ಟಿದ್ದನ್ನು ಕೇಳಿಸಿ ಎಂದು ಅವರೇ ಅಂದರು. ಒಂದು ಹಳೆಯ ಭಕ್ತಿಗೀತೆ ಹಾಕಿದೆ. ಅವಳ ಅಪ್ಪ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿದರು.

"ಎಂಥದು ಮಾರಾಯ ಇದು? ತಬಲ ಉಂಟು, ತಾಳ ಉಂಟು, ಹಾಡುವವನೇ ಇಲ್ಲ! ಚಾ ಕುಡೀಲಿಕ್ಕೆ ಹೋಗಿದ್ದಾನಾ?"

ಅವ್ವ ಅಡುಗೆಮನೆಯಿಂದಲೇ ಕೂಗಿದಳು: "ಹೋಗಿಲ್ರೀ, ಅದಾನ. ಒಳಗ ಚಿಲಕಾ ಹಾಕ್ಕೊಂಡು ಹಾಡಾಕತ್ತಾನ. ಏ ವಿನ್ಯಾ, ಬಾಗಲಾ ತಗದು ಹಾಡು ಅನ್ನೋ ಅವಂಗ!"

ಅವಳ ಅಪ್ಪ ಗಹಗಹಿಸಿ ನಕ್ಕರು. ಅಷ್ಟು ತಿಂಗಳಲ್ಲಿ ಎರಡು ಮನೆಯ ಹಿರಿಯರು ತಮ್ಮ ತಮ್ಮ ಕನ್ನಡದಲ್ಲೇ ಮಾತಾಡಿ, ಒಬ್ಬರ ಮಾತು ಒಬ್ಬರಿಗೆ ಪೂರ್ತಿ ಅರ್ಥವಾಗಿ, ಕೂಡಿ ನಕ್ಕದ್ದು ಅದೇ ಮೊದಲು. ನಾವಿಬ್ಬರು ಮಾತ್ರ ನಗಲಿಲ್ಲ. ಹೋಟೆಲಿಗೆ ಹೊತ್ತಾಯಿತು ಎಂದು ಅವರು ಹೊರಟ ಮೇಲೆ ಸ್ಕ್ರೂಡ್ರೈವರ್ ತಂದು ಪೆಟ್ಟಿಗೆ ಬಿಚ್ಚಿದೆವು. ಅಕ್ಷತಾ ಹತ್ತಿ ಸರಿಸಿದಳು.

"ಇದು ಯಾವಾಗ ಹಾಕಿದ್ದು?"

"ನೀನು ಮರೆತಿದ್ದೆಯಲ್ಲ, ಅದಕ್ಕೆ..."

"ನಾನೆಲ್ಲಿ ಮರೆತಿದ್ದೆ ಯಾರ್! ಆಫೀಸಲ್ಲಿ ಅಳೆದು ನೋಡಿದ್ದೆ. ನಿನ್ನ ಎಂಟು ಮೇಲೆ ಹೋಗ್ತಾ ಹೋಗ್ತಾ ಇಪ್ಪತ್ತು ದಾಟ್ತದೆ. ಅದಕ್ಕೇ ಕಾಯಿಲ್ ದೊಡ್ಡದು ಸುತ್ತಿದ್ದು."

"ಮತ್ತೆ ಹೇಳಲಿಲ್ಲ?"

"ಅಷ್ಟು ಆಸೆಪಟ್ಟು ತಂದಿದ್ದಿ. ಸರಿ ಇಲ್ಲ ಅಂತ ಹೇಗೆ ಹೇಳೋದು?"

ಆಗ ನಕ್ಕೆವು. ನೆಲದ ಮೇಲೆ ಕೂತು, ಕೈಯಲ್ಲಿ ಹತ್ತಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎರಡೂ ಪೆಟ್ಟಿಗೆಗಳಿಂದ ನನ್ನ ಜೋಡಿಯನ್ನು ಕತ್ತರಿಸಿ ತೆಗೆದೆ. ಅದೇ ಹಾಡು ಹಾಕಿದೆವು. ಹಾಡುಗಾರ ಚಿಲಕ ತೆಗೆದು ಹೊರಗೆ ಬಂದು ನಮ್ಮ ಎದುರಿಗೇ ನಿಂತು ಹಾಡಿದ. ಅವನು ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸಿತು. ಅವ್ವ ಸೌಟು ಹಿಡಿದು ಬಾಗಿಲಿಗೆ ಬಂದು, "ಈಗ ಬಂದ ನೋಡು" ಅಂದು ಒಳಗೆ ಹೋದಳು.

ಹಾಡು ಮುಗಿದರೂ ಅಕ್ಷತಾ ಏಳಲಿಲ್ಲ. "ವಿನು, ನಿಂಗೆ ನಮ್ಮನೆ ಸಾಂಬಾರ್ ಇಷ್ಟ ಉಂಟಾ? ನಿಜ ಹೇಳು" ಅಂದಳು.

"ಅಷ್ಟೇನೂ ಇಲ್ಲ."

"ನಂಗೆ ಆ ಕೆಂಪು ಚಟ್ನಿ ತಿಂದ್ರೆ ಎರಡು ದಿನ ಹೊಟ್ಟೆ ಉರೀತದೆ. ಪವಾಯಿ?"

"ಬೇಡವಾಗಿತ್ತು. ನಿನಗೆ ಬೇಕು ಅಂದುಕೊಂಡೆ."

"ನಾನು ನಿಂಗೆ ಬೇಕು ಅಂದ್ಕೊಂಡೆ." ಅವಳು ಹತ್ತಿಯನ್ನು ಸಣ್ಣ ಸಣ್ಣದಾಗಿ ಹರಿಯುತ್ತ ಹೇಳಿದಳು: "ಆರು ತಿಂಗಳಿಂದ ನಾನು ಯಾರ ಜೊತೆ ಮಾತಾಡ್ತಿದ್ದೇನೆ ಹಾಗಾದ್ರೆ? ಸೀರಿಯಸ್ಲಿ ಕೇಳ್ತಿದ್ದೇನೆ. ನೀನು ಒಂದು ಸಲ ಆದ್ರೂ ನನ್ನ ಜೊತೆ ಜಗಳ ಆಡ್ಬೇಕಿತ್ತು."

"ಹೌದು, ಆಡಬೇಕಿತ್ತು" ಅಂದೆ.

ಅವಳು ನನ್ನನ್ನು ನೋಡಿದ ರೀತಿ ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಮೆಟ್ರೊ ನಿಲ್ದಾಣದವರೆಗೆ ಅವಳನ್ನು ಕಳಿಸಲು ಹೋದೆ. ಘಾಟ್ಕೋಪರಿನ ಭಾನುವಾರದ ಜನ. ಇಬ್ಬರೂ ಎದುರಿಗೆ ಬಂದವರಿಗೆಲ್ಲ ದಾರಿ ಬಿಡುತ್ತ, ಒಬ್ಬರಿಂದೊಬ್ಬರು ದೂರ ದೂರ ನಡೆದೆವು. ಗಾಡಿ ಬರುವ ಹೊತ್ತಿಗೆ ಅವಳು ಬ್ಯಾಗಿನ ಪಟ್ಟಿ ಹಿಡಿದುಕೊಂಡು, ಬೇರೆ ಎತ್ತಲೋ ನೋಡುತ್ತ ಕೇಳಿದಳು: "ಮದುವೆ ಬಿಟ್ಟೇಬಿಡೋಣ್ವಾ ವಿನು?"

ನನಗೆ ಬೇಡವಾಗಿತ್ತು. ನಿಲ್ಲಿಸುವುದು ಬೇಡವಾಗಿತ್ತು. ಈಗ ತಾನೇ ಹಾಡುಗಾರ ಹೊರಗೆ ಬಂದಿದ್ದಾನೆ, ಈಗಿನಿಂದ ಶುರು ಮಾಡೋಣ, ನಿನ್ನ ಸಾಂಬಾರಿಗೆ ನಾನು ಬೆಲ್ಲ ಬೇಡ ಅನ್ನುತ್ತೇನೆ, ನೀನು ನನಗೆ ಬೈಯಿ, ಎನ್ನಬೇಕಾಗಿತ್ತು. ಆದರೆ ಅವಳು ಇಷ್ಟು ಕಷ್ಟಪಟ್ಟು ಕೇಳುತ್ತಿದ್ದಾಳೆಂದರೆ ಅವಳಿಗೆ ಅದೇ ಬೇಕಿರಬೇಕು, ಬೇಡ ಎಂದು ಅವಳನ್ನು ಇನ್ನಷ್ಟು ಕಷ್ಟಕ್ಕೆ ಗುರಿಮಾಡುವುದು ಯಾಕೆ ಎನ್ನಿಸಿತು.

"ನಿನಗೆ ಹೇಗೆ ಸರಿ ಅನ್ನಿಸುತ್ತದೋ ಹಾಗೆ" ಅಂದೆ.

ಅವಳು ತಲೆ ಆಡಿಸಿದಳು. ಗಾಡಿಯ ಬಾಗಿಲು ಮುಚ್ಚಿತು.

ಆಮೇಲಿನದೆಲ್ಲ ಅತ್ಯಂತ ಸುಸೂತ್ರವಾಗಿ ನಡೆಯಿತು. ಒಂದು ಮದುವೆ ಇಷ್ಟು ಸಭ್ಯವಾಗಿ ಮುರಿದುಬಿದ್ದದ್ದನ್ನು ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಕಂಡಿರಲಾರರು. ಅವಳ ಅಪ್ಪ ಫೋನು ಮಾಡಿ, "ನಮಗೆ ಬೇಸರ ಇಲ್ಲ ಮಾರಾಯ, ಹೋಟೆಲಿಗೆ ಬರುವುದು ಬಿಡಬೇಡ" ಅಂದರು. ದನಿ ಮಾತ್ರ ದಪ್ಪಗಾಗಿತ್ತು. ಸ್ಪೀಕರುಗಳನ್ನು ಯಾರು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಬಂತು. ಎರಡನ್ನೂ ನೀನೇ ಇಟ್ಟುಕೋ ಎಂದು ನಾನು ಬರೆದೆ. ಬೇಡ, ನೀನೇ ಇಟ್ಟುಕೋ ಎಂದು ಅವಳು ಬರೆದಳು. ನಾಲ್ಕೈದು ದಿನ ಹೀಗೇ ನಡೆದು ಕೊನೆಗೆ ಒಂದೊಂದು ಪಾಲಾಯಿತು. ಹೋಟೆಲಿನ ಟೆಂಪೊ ಬಂದು ಎಡಗಡೆಯದನ್ನು ಒಯ್ದಿತು. ಈಗ ನಮ್ಮ ಮನೆಯಲ್ಲಿ ಹಾಡು ಹಾಕಿದರೆ ಬಲಗಡೆಗೆ ಬರುವ ತಬಲ ಕೇಳಿಸುತ್ತದೆ, ಎಡಗಡೆಯ ಪಿಟೀಲು ಪಾರ್ಲೆಯಲ್ಲಿದೆ. ಆಗಸ್ಟಿನಲ್ಲಿ ಅವಳು ಕೆಲಸ ಬದಲಿಸಿದಳು. ಪಕ್ಕದ ಮೇಜಿನಲ್ಲಿ ಈಗ ಒಬ್ಬ ಹುಡುಗ ಕೂರುತ್ತಾನೆ. ನಾನು ಹೇಳಿದ ಪ್ರತಿಯೊಂದಕ್ಕೂ "ನಹೀ ಸರ್, ಗಲತ್ ಹೈ" ಎಂದು ತಪ್ಪು ತೋರಿಸುತ್ತಾನೆ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಅವ್ವನಿಗೆ ನಿಲ್ದಾಣದಲ್ಲಿ ಆಡಿದ ಮಾತನ್ನು ನಾನು ಹೇಳಿರಲೇ ಇಲ್ಲ. ಇಬ್ಬರಿಗೂ ಬೇಡ ಅನ್ನಿಸಿತು ಎಂದಷ್ಟೇ ತಿಳಿಸಿದ್ದೆ. ಕಳೆದ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ಯಾಕೋ, ಹೇಳಿಬಿಟ್ಟೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಆಕಿ ಕೇಳಿದ್ಲು, ನೀ ಏನಂದಿ?"

"ನಿನಗೆ ಹೇಗೆ ಸರಿ ಅನ್ನಿಸುತ್ತದೋ ಹಾಗೆ ಅಂದೆ."

"ಹುಚ್ಚಪ್ಪಾ" ಅಂದಳು ಅವ್ವ. "ಬಿಡಬೇಕು ಅಂತ ಇದ್ದಾಕಿ 'ಬಿಡೋಣೇನು' ಅಂತ ಕೇಳ್ತಾಳೇನೋ? 'ಬಿಟ್ಟೆ' ಅಂತ ಹೇಳಿ ಹೋಗ್ತಾಳ. ನೀ ಬ್ಯಾಡ ಅಂತೀ ಅಂತ ಕೇಳ್ಯಾಳ ಆಕಿ."

ಅವ್ವ ಹೇಳಿದ್ದು ನಿಜವಿರಬಹುದು, ಇಲ್ಲದಿರಬಹುದು. ಅದನ್ನು ಅಳೆಯುವ ಉಪಕರಣ ನಮ್ಮ ಕಂಪನಿಯಲ್ಲಿ ಇಲ್ಲ. ಪಾರ್ಲೆಗೆ ಫೋನು ಮಾಡಿ ಕೇಳಬಹುದು. ಆದರೆ ಕೇಳಿದರೆ ಅವಳಿಗೆ ಕಷ್ಟವಾಗಬಹುದು ಎಂದು ಯೋಚಿಸುತ್ತ ಕೂತೆ. ಅವ್ವ ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಕಣ್ಣು ಒರೆಸಿಕೊಂಡು, ಹಂಚಿನ ಮೇಲಿದ್ದ ರೊಟ್ಟಿಯನ್ನು ತೆಗೆದು, "ಇನ್ನೊಂದು ಹಾಕಲೇನು?" ಅಂದಳು.

ಹೊಟ್ಟೆಯಲ್ಲಿ ಒಂದು ತುತ್ತಿಗೂ ಜಾಗ ಇರಲಿಲ್ಲ. "ಹಾಕವ್ವಾ" ಅಂದೆ.